ಅವ್ವ ಊದಿದ್ದು

ತುಂಬಾ ದಿನ ಆಯ್ತು, ಇಲ್ಲಿ ಏನೂ ಬರೆದೇ ಇಲ್ಲ. ಅವ್ವನ ಕೆಮ್ಮು ಕಾರಣ ಅಂದರೆ ನಗಬೇಡಿ.

ಧಾರವಾಡದಲ್ಲಿ ಮಳೆ ನಿಂತು ಚಳಿ ಬಿತ್ತೆಂದರೆ ಅವ್ವನ ಕೆಮ್ಮೂ ಶುರು. ರಾತ್ರಿ ಮೂರಕ್ಕೆ ಎದ್ದು ಕೂತುಬಿಡುತ್ತಾಳೆ. "ಥಂಡಿ ಆಗೇತಿ ಬಿಡೋ" ಅನ್ನುತ್ತಾಳೆ. ನಾಲ್ಕು ವರ್ಷ ಸಿರಪ್ಪು, ಆಂಟಿಬಯಾಟಿಕ್ಕು, ಜ್ಯೇಷ್ಠಮಧು... ಸ್ಟೆತಸ್ಕೋಪು ಇಟ್ಟವರೆಲ್ಲ "ಎದಿ ಕ್ಲಿಯರ್ ಐತ್ರಿ" ಅಂದವರೇ. ಹಗಲು ಹೋದರೆ ಕ್ಲಿಯರ್ರೇ ಇರುತ್ತದೆ, ಬಂದು ಹೋಗುವುದೇ ಅದರ ಚಾಳಿ. ಪಕ್ಕದ ಮನೆಯವರಂತೂ ಮೃಗಶಿರಾಕ್ಕೆ ಹೈದರಾಬಾದಿಗೆ ಹೋಗಿ ಮೀನು ನುಂಗಿ ಬರ್ರಿ ಅಂದರು. (ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ ಕೊಡುತ್ತಾರೆ!)

ಕೊನೆಗೆ ಚಿಗರಿ ಬಸ್ಸು ಹತ್ತಿಸಿ ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಸ್ಪೈರೋಮೆಟ್ರಿ ಬರೆದರು. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ. "ಅಮ್ಮಾರ, ಉಸಿರು ಪೂರಾ ತಗೋರಿ... ಊದ್ರಿ, ಊದ್ರಿ, ಬಿಡಬ್ಯಾಡ್ರಿ!" ಅವ್ವ ನನ್ನ ಕಡೆ ತಿರುಗಿ, "ನಾ ಏನ್ ಕುಡದು ಗಾಡಿ ಹೊಡದೇನೇನೋ?" ಅಂದಳು :-)

ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ 1.1 ಲೀಟರ್. ಸಾಲ್ಬುಟಮಾಲ್ ಪಂಪು ಕೊಟ್ಟು, ಕಾಲು ಗಂಟೆ ಕೂರಿಸಿ ಮತ್ತೆ ಊದಿಸಿದರೆ 1.4! ಶೇಕಡಾ 12 ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ಬಿಗಿದುಕೊಂಡಿದ್ದ ಶ್ವಾಸನಾಳ ಔಷಧಕ್ಕೆ ಸಡಿಲವಾಯಿತು ಎಂದರ್ಥ. ಹಾಗೆ ಏರದಿದ್ದರೆ ಅಸ್ತಮಾ ಇಲ್ಲವೇ ಇಲ್ಲ ಎಂದೇನಲ್ಲ. ಆರಾಮಿದ್ದ ದಿನ ಊದಿದರೆ ನಾರ್ಮಲ್ಲೇ ಬರಬಹುದು.

"ದಮ್ಮು" ಅಂದೊಡನೆ ಅವ್ವನ ಮುಖ ಸಣ್ಣದಾಯಿತು. ನಮ್ಮ ಸೋದರಮಾವ ದಮ್ಮಿನಲ್ಲೇ ಹೋದವರು. ಪಂಪು ಒಮ್ಮೆ ಹಿಡಿದರೆ ಬಿಡಲಿಕ್ಕಾಗುವುದಿಲ್ಲ ಅಂತ ಕೊನೆತನಕ ಮುಟ್ಟಲಿಲ್ಲ ಅವರು.

ಡಾಕ್ಟರು ಮನೆಗೊಂದು ಪೀಕ್ ಫ್ಲೋ ಮೀಟರ್ ತಗೋರಿ ಅಂದರು. 1959ರಲ್ಲಿ ಮಾರ್ಟಿನ್ ರೈಟ್ ಎಂಬ ಇಂಗ್ಲಿಷ್ ಡಾಕ್ಟರು ಜಗತ್ತಿಗೆ ತೋರಿಸಿದ ಸಾಧನ. ಈಗ ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಪ್ಲಾಸ್ಟಿಕ್ ಕೊಳವೆ. (ಕುಡಿದವರನ್ನು ಊದಿಸಿ ಹಿಡಿಯುವ ಯಂತ್ರವೊಂದನ್ನೂ ಅದೇ ರೈಟ್ ಮಾಡಿದ. ಅವ್ವನ ಅನುಮಾನ ಪೂರ್ತಿ ಸುಳ್ಳಲ್ಲ!) ಅವ್ವನ ಅತಿ ಹೆಚ್ಚು 280. ಅದರ ಶೇಕಡಾ 80, ಅಂದರೆ 224ಕ್ಕಿಂತ ಕೆಳಗಿಳಿದರೆ ಫೋನ್ ಮಾಡಬೇಕು. ದಿನಾ ಬೆಳಿಗ್ಗೆ ಊದಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತಾಳೆ.

ಜನವರಿಯಲ್ಲೊಂದು ದಿನ ನೋಡಿದರೆ 210. ಕೆಮ್ಮಿಲ್ಲ, ದಮ್ಮಿಲ್ಲ.

"ದಿನಾ ತಗೊಳ್ಳೋ ಪಂಪು ತಗೊಂಡೀಯೇನವ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಂಟ್ ದಿನಾ ಆತು ಬಿಟ್ಟು. ಆರಾಮ ಇದ್ನೆಲ್ಲಾ..."

ಡಾಕ್ಟರಿಗೆ ಫೋನ್ ಮಾಡಿದೆ. ಅವ್ವ ಏನೂ ವಾದಿಸಲಿಲ್ಲ, ತಾನೇ ಬರೆದ ಅಂಕಿ ನೋಡುತ್ತ ಕೂತಿದ್ದಳು.

ನಿನ್ನೆ 270. ಹಾಲಿನ ಲೆಕ್ಕಕ್ಕಿಂತ ದೊಡ್ಡದಾಗಿ ಬರೆದಿದ್ದಾಳೆ.