ಮಣ್ಣೆತ್ತು ಮತ್ತು ಸೇಂಗಾ ಉಂಡಿ

‘ಅಗ್ಗ’ ಎಂಬ ಮಾತಿಗೆ ನಮ್ಮ ಉಪಾಧ್ಯಾಯ ವೃತ್ತಿಯಲ್ಲಿ ವಿಚಿತ್ರವಾದೊಂದು ಗೌರವವುಂಟು. ನಾನು ತರಬೇತಿಯಲ್ಲಿದ್ದ ದಿನಗಳಲ್ಲಿ ‘ಕಡಿಮೆ ವೆಚ್ಚದ ಬೋಧನೋಪಕರಣಗಳು’ ಎಂಬುದೊಂದು ಪಾಠವೇ ಇತ್ತು. ಅದಕ್ಕೆ ಅಂಕಗಳಿದ್ದವು. ಅಂಕಗಳಿದ್ದುದರಿಂದ ನಾವೆಲ್ಲರೂ ಪೇಟೆಗೆ ಓಡಿ, ಥರ್ಮೋಕೋಲು, ಹೊಳೆಯುವ ಕಾಗದ, ಬಣ್ಣದ ಸೀಸೆಗಳು, ಅಂಟು ಇವನ್ನೆಲ್ಲ ಕೊಂಡು ತಂದು, ತಿಂಗಳ ಊಟದ ಹಣದಲ್ಲಿ ಅರ್ಧವನ್ನು ಕರಗಿಸಿ, ಕಡಿಮೆ ವೆಚ್ಚದ ಉಪಕರಣಗಳನ್ನು ಸಿದ್ಧಪಡಿಸಿದೆವು! ನನ್ನದು ಒಂದು ಜ್ವಾಲಾಮುಖಿ. ಎರಡು ವರ್ಷಗಳ ಕಾಲ ಅದು ಗಾಜಿನ ಬೀರುವಿನಲ್ಲಿ ಭದ್ರವಾಗಿತ್ತು. ಯಾವ ಮಗುವೂ ಅದನ್ನು ಮುಟ್ಟಲಿಲ್ಲ, ಮುಟ್ಟಗೊಡುವವರೂ ಇರಲಿಲ್ಲ.

ಪುಸ್ತಕದ ವಿದ್ಯೆ ನನ್ನಲ್ಲಿ ಇರಲಿಲ್ಲವೆಂದಲ್ಲ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕವೇ ಮಗುವಿಗೆ ವಿದ್ಯೆ ಬರಬೇಕೆಂಬ ವಿಚಾರವನ್ನು ಮುಂದಿಟ್ಟರೆಂದು ಪರೀಕ್ಷೆಯಲ್ಲಿ ಬರೆದಿದ್ದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನೆಯ ಪ್ರಯೋಗವನ್ನೂ, ಮುಂದೆ 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತರು ಬೆಂಕಿಕಡ್ಡಿಗಳಿಂದಲೂ ಸೈಕಲ್ ವಾಲ್ವಿನ ರಬ್ಬರು ನಳಿಕೆಯ ತುಂಡುಗಳಿಂದಲೂ ತ್ರಿಕೋನ, ಚೌಕ, ಘನಗಳನ್ನು ಕಟ್ಟುವ ಬಗೆಯನ್ನೂ ಬಲ್ಲೆ. ಆದರೆ ತಲೆಯಿಂದ ಕೈಗೆ ಇಳಿಯುವ ದಾರಿ ಬಹು ದೂರದ್ದು. ನನ್ನ ವಿದ್ಯೆ ಆ ದಾರಿಯಲ್ಲೆಲ್ಲೋ ವಿಶ್ರಮಿಸಿಕೊಳ್ಳುತ್ತಿತ್ತು.

2022ರ ಜೂನ್ ತಿಂಗಳು. ಬೇಸಿಗೆಯ ರಜೆ ಮುಗಿದು ಶಾಲೆ ತೆರೆದಿತ್ತು. ನಾಲ್ಕನೆಯ ತರಗತಿಯ ಮಕ್ಕಳಿಗೆ ‘ನಮ್ಮ ಊರು’ ಎಂಬ ಮಾದರಿಯನ್ನು ಮಾಡಿಕೊಂಡು ಬರಲು ಹೇಳಿದೆ. ಬೇಕಾದ ಸಾಮಾನನ್ನು ಹಲಗೆಯ ಮೇಲೆ ಬರೆದುಕೊಟ್ಟೆ: ಥರ್ಮೋಕೋಲಿನ ಹಾಳೆ ಒಂದು, ಚಾರ್ಟು ಒಂದು, ಬಣ್ಣ, ಅಂಟು. ಸಿರ್ಗಾಪುರದ ಮಕ್ಕಳು ಇವಕ್ಕಾಗಿ ನಾರಾಯಣಖೇಡದ ಅಂಗಡಿಗೇ ಹೋಗಬೇಕೆಂಬುದು ನನಗೆ ಹೊಳೆಯಲಿಲ್ಲ. “ತರದವರು ನನ್ನ ಮುಂದೆ ನಿಲ್ಲಬೇಡಿ” ಎಂದು ಬೇರೆ ಸೇರಿಸಿದೆ. ಇದು ಉಪಾಧ್ಯಾಯರು ಆಡಿದ ಗಳಿಗೆಯಲ್ಲಿಯೇ ಮರೆತುಬಿಡುವಂಥ ಮಾತು. ಮಕ್ಕಳು ಹಾಗೆ ಮರೆಯುವುದಿಲ್ಲವೆಂಬುದು ನನಗೆ ತಿಳಿದದ್ದು ಐದನೆಯ ದಿನ. ತರಗತಿಯ ಒಬ್ಬ ಹುಡುಗಿ ನಾಲ್ಕು ದಿನಗಳಿಂದ ಬಂದಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಅವಳೂ ಅವಳ ಅಜ್ಜಿಯೂ ಕುಳಿತಿದ್ದರು. ಇಬ್ಬರ ಕೈಗಳೂ ಮೊಣಕೈವರೆಗೆ ಮಣ್ಣಾಗಿದ್ದವು.

“ಯಾಕವ್ವಾ, ಸಾಲಿಗಿ ಬಂದಿಲ್ಲ?” ಎಂದೆ. ಹುಡುಗಿ ತಲೆ ತಗ್ಗಿಸಿದಳು. ಅಜ್ಜಿಯೇ ಉತ್ತರ ಕೊಟ್ಟಳು:

“ಬಿಳಿ ಹಾಳಿ ತರಲಾರ್ದೋರು ಮುಂದ ನಿಂದರಬ್ಯಾಡ್ರಿ ಅಂದೀರಂತಲ್ರಿ ಮಾಸ್ತರ. ಅವರವ್ವ ಬಿತ್ತಲಾಕ ಕೂಲಿಗಿ ಹೋಗ್ಯಾಳ. ಐತಾರ ರೊಕ್ಕ ಬಂದ ಮ್ಯಾಲ ತರ್ತೀನಿ ಅಂದಾಳ. ಆಮ್ಯಾಲ ಬರ್ತಾಳ ಪೋರಿ.”

ಆ ಮಾತಿನಲ್ಲಿ ದೂರಿನ ಸೊಲ್ಲಿರಲಿಲ್ಲ. ಮಾಸ್ತರನ ಮಾತು ನಡೆಯಬೇಕಾದದ್ದೇ ಎಂಬ ಧಾಟಿ ಇತ್ತು. ದೂರಿದ್ದರೆ ನಾನು ಏನಾದರೊಂದು ಸಮಾಧಾನ ಹೇಳಿ ಎದ್ದು ಬರಬಹುದಾಗಿತ್ತು. ಇದಕ್ಕೆ ಉತ್ತರ ತಿಳಿಯದೆ ಸುಮ್ಮನೆ ಅಲ್ಲಿಯೇ ಕುಳಿತೆ.

ಕುಳಿತದ್ದೇ ಒಳ್ಳೆಯದಾಯಿತು. ಜ್ಯೇಷ್ಠ ಮಾಸದ ಕೊನೆಯ ದಿನ, ಅಂದರೆ ಮಣ್ಣೆತ್ತಿನ ಅಮಾವಾಸ್ಯೆ, ಸಮೀಪಿಸಿತ್ತು. ಹದಿನೈದು ದಿನ ಹಿಂದೆ ಕಾರಹುಣ್ಣಿಮೆಯಲ್ಲಿ ನಿಜವಾದ ಎತ್ತುಗಳಿಗೆ ಬಣ್ಣ ಬಳಿದು ಮೆರೆಸುವುದು, ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವುದು, ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನಿಂದಲೇ ಗುಳ್ಳವ್ವನನ್ನು ಕೂಡಿಸುವುದು: ಹೀಗೆ ಮಳೆಗಾಲದ ಮೊದಲ ಹಬ್ಬಗಳೆಲ್ಲ ನಮ್ಮಲ್ಲಿ ಮಣ್ಣಿನವೇ. ನಾರಾಯಣಖೇಡದ ಸೀಮೆ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲಿತ್ತು. ಅಂದು ಜಹೀರಾಬಾದಿನೊಡನೆ ಆಂಧ್ರಪ್ರದೇಶಕ್ಕೆ ಸೇರಿ ಮೆದಕ್ ಜಿಲ್ಲೆಯ ಭಾಗವಾಯಿತು. 2014ರಲ್ಲಿ ತೆಲಂಗಾಣಕ್ಕೆ ಬಂದಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಯಿತು. ನಮ್ಮ ತೆಲುಗು ನೆರೆಯವರು ಕಾರಹುಣ್ಣಿಮೆಯ ದಿನವನ್ನೇ ಏರುವಾಕ ಪುನ್ನಮಿ ಎನ್ನುತ್ತಾರೆ. ಮರಾಠಿಯವರ ಎತ್ತಿನ ಹಬ್ಬವಾದ ಪೋಳ ಶ್ರಾವಣದ ಅಮಾವಾಸ್ಯೆಗೆ ಬರುತ್ತದೆ. ಎತ್ತುಗಳಿಗೆ ಈ ಭೇದಗಳು ತಿಳಿದಂತಿಲ್ಲ.

ಆ ಹುಡುಗಿಯ ಎತ್ತನ್ನು ಕೈಗೆ ತೆಗೆದುಕೊಂಡೆ. ಪೇಟೆಯಲ್ಲಿ ಅಚ್ಚೊತ್ತಿ ಮಾರುವ ಎತ್ತುಗಳು ಅಪ್ಪಟ ಬಿಳಿ, ಕೋಡಿಗೆ ಬಂಗಾರದ ಬಣ್ಣ. ಇದರ ಮೈಗೆ ಸುಣ್ಣ ಬಳಿದಿತ್ತು, ಆದರೆ ಮುಖದ ಎರಡು ಪಕ್ಕಕ್ಕೂ ಇದ್ದಿಲಿನ ಕಪ್ಪು. “ಇದೇನವ್ವಾ, ಮಾರಿಗೆ ಮಸಿ ಬಳಿದೀಯಲ್ಲ?” ಎಂದು ನಕ್ಕೆ. “ದೇವಣಿ ಎತ್ತರಿ ಸರ್, ಮಾರಿ ಕರಿದೇ ಇರ್ತದ” ಎಂದಳು. ನಾಚಿಕೆಪಡಬೇಕಾದವನು ನಾನು. ಲಾತೂರಿನ ಕಡೆಯ ದೇವಣಿ ಎಂಬ ಊರಿನಿಂದ ಹೆಸರು ಪಡೆದ ಈ ತಳಿ ಬೀದರ ಮತ್ತು ಅದರ ಗಡಿಯ ಸೀಮೆಗೆಲ್ಲ ಮನೆಯದು. ಮೈ ಬೆಳ್ಳಗಿದ್ದು ಮುಖದ ಇಕ್ಕೆಲ ಕಪ್ಪಾಗಿದ್ದರೆ ವಾನ್ನೇರ, ಹೊಟ್ಟೆಯ ಕೆಳಗೆ ಮಾತ್ರ ಕಪ್ಪು ಮಚ್ಚೆಗಳಿದ್ದರೆ ಬಾಲಂಕ್ಯ, ಮೈಯೆಲ್ಲ ಚೆದುರಿದ ಕಪ್ಪಿದ್ದರೆ ಶೆವೇರ ಎಂದು ಅದರಲ್ಲಿ ಬಗೆಗಳೂ ಉಂಟು. ಪುಸ್ತಕದಲ್ಲಿ ಓದಿದವನಿಗೆ ಕಣ್ಣಿನಲ್ಲಿ ಕಾಣದುದು, ನೋಡಿದವಳ ಕೈಯಲ್ಲಿ ಬಂದಿತ್ತು.

ಮರುದಿನ ಅವಳನ್ನು ಶಾಲೆಗೆ ಕರೆದುಕೊಂಡು ಬಂದೆ. ಥರ್ಮೋಕೋಲು ಬೇಡ, ಊರನ್ನು ಮಣ್ಣಿನಲ್ಲಿಯೇ ಮಾಡೋಣ ಎಂದು ಹಲಗೆಯ ಮೇಲಿನ ಪಟ್ಟಿಯನ್ನು ಅಳಿಸಿದೆ. ಉತ್ಸಾಹದ ಭರದಲ್ಲಿ ನಾನೇ ಹೊಲದ ಎರೆಮಣ್ಣನ್ನು ತರಿಸಿ, ಕಲಸಿ, ಎತ್ತು ಮಾಡುವುದನ್ನು ಮಕ್ಕಳಿಗೆ ತೋರಿಸಿ, ಎಲ್ಲವನ್ನೂ ಬಿಸಿಲಿಗಿಟ್ಟೆ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ನನ್ನ ಎತ್ತಿನ ಕಾಲು ಬಿರಿದು, ಇಣಿ ಸೀಳಿ, ಕುತ್ತಿಗೆ ಉರುಳಿತು. ಮಕ್ಕಳು ನಗಲು ಹೆದರುತ್ತಿದ್ದರು. ನಾನೇ ನಕ್ಕ ಮೇಲೆ ಅವರೂ ನಕ್ಕರು.

ಆ ಹುಡುಗಿ ಮಾತ್ರ ನಗದೆ, “ಅರಳಿ ಹಾಕಿಲ್ಲರಿ” ಎಂದಳು. ಹತ್ತಿಯ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸಿ ಮಣ್ಣಿಗೆ ಬೆರೆಸಿ, ಒನಕೆಯಿಂದಲೋ ಕಲ್ಲಿನಿಂದಲೋ ಚೆನ್ನಾಗಿ ಕುಟ್ಟಬೇಕು. ಒಂದಿಷ್ಟು ಸಣ್ಣ ಮರಳೂ ಬೇಕು. ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಮಾಡಿದ ಮೇಲೆ ನೆರಳಿನಲ್ಲಿ ಆರಿಸಬೇಕು. ಇದು ಅವಳ ಆಯಿಯ ಕ್ರಮ. ಅದರ ಕಾರಣವನ್ನು ಹೇಳುವ ಪಾಲು ನನ್ನದಾಯಿತು. ಎರೆಮಣ್ಣಿನ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿಬಿಡುವುದೂ ಇದಕ್ಕೇ. ಬಿಸಿಲಿನಲ್ಲಿ ಹೊರಮೈ ಬೇಗನೆ ಒಣಗಿ ಕುಗ್ಗುತ್ತದೆ, ಒಳಗು ಇನ್ನೂ ಹಸಿಯಾಗಿರುತ್ತದೆ, ಆದ್ದರಿಂದ ಬಿರುಕು. ಮರಳು ಕುಗ್ಗುವಿಕೆಯನ್ನು ಕಡಿಮೆ ಮಾಡುತ್ತದೆ, ಅರಳೆಯ ಎಳೆ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಆ ದಿನದ ವಿಜ್ಞಾನದ ಪಾಠ ಇಷ್ಟೇ. ಆದರೆ ಯಾರೂ ಮರೆತಿಲ್ಲ.

ಬಣ್ಣಕ್ಕೆ ಅಂಗಡಿಗೆ ಹೋಗಲಿಲ್ಲ. ಬಿಳಿಗೆ ಸುಣ್ಣ, ಕಪ್ಪಿಗೆ ಇದ್ದಿಲು, ಕಾವಿಗೆ ಕೆಮ್ಮಣ್ಣು, ಹಳದಿಗೆ ಅರಿಸಿನ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದೊಡನೆ ಅದು ಕೆಂಪಾದದ್ದನ್ನು ಕಂಡು ಮಕ್ಕಳು ಮಾಟವೆಂದೇ ಕೂಗಿದರು. ಅದರ ಮೇಲೆ ಹುಣಸೆಯ ಹುಳಿ ಹಿಂಡಿದಾಗ ಮತ್ತೆ ಹಳದಿ! ಸುಣ್ಣವನ್ನು ನಾನೇ ಕಲಸಿದೆ. ಕಣ್ಣಿಗೆ ಸಿಡಿದರೆ ಅಪಾಯ. ಇನ್ನೊಂದು ಮಾತು: ಮಣ್ಣೆತ್ತಿನ ಕಣ್ಣಿಗೆ ಗುಲಗಂಜಿ ಇಡುವುದು ಹಳೆಯ ಪದ್ಧತಿ, ನೋಡಲು ಅಂದವೂ ಹೌದು. ಆದರೆ ಆ ಬೀಜ ಘೋರ ವಿಷ. ಸಣ್ಣ ಮಕ್ಕಳು ಅಗಿದು ನುಂಗಿದರೆ ಪ್ರಾಣಕ್ಕೆ ಬರಬಹುದು. ಜೋಳದ ಕಾಳೂ ಕಣ್ಣಾಗುತ್ತದೆ.

ಎತ್ತಿಗೆ ಬಂಡಿ ಬೇಡವೆ? ಬಣವೆಯಿಂದ ಒಣಗಿದ ಜೋಳದ ದಂಟುಗಳು ಬಂದವು. ಸಿಬಿರನ್ನು ಸುಲಿದರೆ ಒಳಗೆ ಹಗುರಾದ ಬೆಂಡು. ಆ ಸಿಬಿರೇ ಮೊಳೆ, ಬೆಂಡೇ ಮರ. ಸಿಬಿರು ಬೆರಳನ್ನು ಕೊಯ್ಯದಂತೆ ನೋಡಿಕೊಳ್ಳಬೇಕೆಂಬುದೊಂದೇ ಚಿಂತೆ. ಇಲ್ಲಿ ನಾನು ನಿರೀಕ್ಷಿಸದ ಸಂಗತಿಯೊಂದು ನಡೆಯಿತು. ಮಾತು ಕಡಿಮೆಯಾಗಿದ್ದ ಹುಡುಗರು ಮಾತನಾಡತೊಡಗಿದರು. ನೊಗ, ಈಸು, ಅಚ್ಚು, ಗುಂಬ, ಕಡಾಣಿ, ಜತ್ತಿಗೆ. ಎತ್ತಿನ ಮೈಮೇಲೆ ಇಣಿ, ಗಂಗೆದೊಗಲು, ಗೊರಸು, ಮೂಗುದಾರ. ನಮ್ಮ ಗಡಿಯ ಮಕ್ಕಳು ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ಸಂತೆಯಲ್ಲಿ ಅದರೊಡನೆ ಉರ್ದು ಮರಾಠಿಗಳನ್ನೂ ಆಡುವವರು. ‘ಕನ್ನಡದ ಪದಸಂಪತ್ತು ಕಡಿಮೆ’ ಎಂದು ಅವರ ಬಗ್ಗೆ ನಾವು ಉಪಾಧ್ಯಾಯರು ಕೊರಗುವುದುಂಟು. ಥರ್ಮೋಕೋಲನ್ನು ಕತ್ತರಿಸುವ ಮಗುವಿಗೆ ಬೇಕಾಗುವ ಪದಗಳೆಷ್ಟು? ಕತ್ತರಿಸು, ಅಂಟಿಸು, ಮುಗಿಯಿತು. ಬಂಡಿ ಕಟ್ಟುವಾಗ “ಕಡಾಣಿ ಕೊಡೋ” ಎನ್ನದಿದ್ದರೆ ಗಾಲಿ ನಿಲ್ಲುವುದಿಲ್ಲ. ಅಂದು ಗುಂಬ ಎಂದರೇನೆಂಬುದನ್ನು ನಾನು ಒಬ್ಬ ಹುಡುಗನಿಂದ ಕೇಳಿ ಬರೆದುಕೊಂಡೆ.

ಆಮೇಲೆ ವೃತ್ತಪತ್ರಿಕೆ ಓದಿದಾಗ ತಿಳಿದುದು: ಆ ವರ್ಷದ ಜುಲೈ 1ರಿಂದಲೇ ಅಲಂಕಾರದ ಥರ್ಮೋಕೋಲು ದೇಶದಲ್ಲೆಲ್ಲ ನಿಷಿದ್ಧವಾಯಿತಂತೆ. ಸರಕಾರದ ಕಟ್ಟಳೆಗಿಂತ ವಾರ ಮುಂಚೆ ನಾನು ಸುಧಾರಿಸಿದ್ದೆನೆಂದು ಹೇಳಿಕೊಳ್ಳಬಹುದು. ಸುಧಾರಿಸಿದವರು ಯಾರೆಂಬುದನ್ನು ವಾಚಕರು ಈಗಾಗಲೇ ಅರಿತಿದ್ದಾರೆ.

ಜುಲೈಯಲ್ಲಿ ಮಳೆ ಹಿಡಿಯಿತು. ಮಣ್ಣಿನ ಊರು ಕಿಟಕಿಯ ಪಕ್ಕದಲ್ಲಿ ನೆಂದು ಕುಸಿಯಿತು. ಮಕ್ಕಳು ಮರುಗಲಿಲ್ಲ. ಸುಡದ ಮಣ್ಣು ಮತ್ತೆ ನೀರಿನಲ್ಲಿ ಕರಗುತ್ತದೆ. ಅದನ್ನೇ ಕಲಸಿ ಮಂಗಳವಾರಗಳಿಗೆ ಗುಳ್ಳವ್ವನನ್ನು ಮಾಡಿದರು.

ಆಗಸ್ಟಿನ ಮೊದಲಲ್ಲಿ ನಾಗರಪಂಚಮಿ. ಪಂಚಮಿಯೆಂದರೆ ಜೋಕಾಲಿ, ಅಳ್ಳು, ಉಂಡಿ. ಅಳ್ಳು ಹುರಿಯಲು ಆಯಿಯನ್ನೇ ಶಾಲೆಗೆ ಕರೆದೆವು. ಗಟ್ಟಿಯಾದ ಸಣ್ಣ ಕಾಳಿನ ಜೋಳಕ್ಕೆ ಹಿಂದಿನ ದಿನವೇ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಬಾಣಲೆ ಚೆನ್ನಾಗಿ ಕಾಯ್ದ ಮೇಲೆ ಒಂದೊಂದೇ ಹಿಡಿ ಹಾಕಿ, ಬಟ್ಟೆ ಸುತ್ತಿದ ಕೋಲಿನಿಂದ ಆಡಿಸಿದಳು. ಕಾಳಿನೊಳಗಿನ ತೇವ ಆವಿಯಾಗಿ, ಹೊರಹೋಗಲು ದಾರಿಯಿಲ್ಲದೆ, ಗಟ್ಟಿ ಸಿಪ್ಪೆಯನ್ನು ಒಡೆದುಕೊಂಡು ಅರಳುತ್ತದೆ. ಸಿಪ್ಪೆ ಮೆತ್ತಗಿದ್ದರೆ ಅರಳದು. ಕಾಳು ತೀರ ಒಣಗಿದ್ದರೂ ಅರಳದು. ಅರಳಿದ್ದನ್ನು ಬೀಸಿದರೆ ಅಳ್ಳಿಟ್ಟು. ಬೆಲ್ಲ, ಹಾಲು ಹಾಕಿ ಕಲಸಿದರೆ ಒಲೆಯ ಹಂಗಿಲ್ಲದ ತಿಂಡಿ.

ಸೇಂಗಾ ಉಂಡಿ ಅದಕ್ಕಿಂತಲೂ ಸುಲಭ. ಎರಡು ಪಾಲು ಹುರಿದು ಸಿಪ್ಪೆ ತೆಗೆದ ಸೇಂಗಾ, ಒಂದು ಪಾಲು ಬೆಲ್ಲ, ಎರಡು ಏಲಕ್ಕಿ. ಬೂಸು ಹಿಡಿದ ಕಾಳು, ಕಹಿಯಾದ ಕಾಳು ಒಂದೂ ಇರಕೂಡದು. ಕುಟ್ಟಿದರೆ ಸಾಕು; ಪಾಕ ಬೇಡ, ತುಪ್ಪ ಬೇಡ. ಸೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಅದು ತಾನೇ ಉಂಡಿಯನ್ನು ಹಿಡಿದುಕೊಳ್ಳುತ್ತದೆ. ಮಕ್ಕಳು ತಮ್ಮ ತಮ್ಮ ಮನೆಗಳಿಂದ ಹಿಡಿ ಹಿಡಿ ಸೇಂಗಾ ತಂದರು. ತರಲಾಗದವರು ಕುಟ್ಟಲು ಕೈ ತಂದರು. ಯಾರು ಏನು ತಂದರೆಂದು ನಾನು ಬರೆದುಕೊಳ್ಳಲಿಲ್ಲ. ಒಟ್ಟು 2 ಕಿಲೋ ಆಯಿತು. 1 ಕಿಲೋ ಬೆಲ್ಲವನ್ನು ನಾನು ತರುವುದೆಂದು ನಿಶ್ಚಯವಾಗಿತ್ತು. 50 ಗ್ರಾಮಿನ ಉಂಡಿಯಾದರೆ ಅರವತ್ತು. ಇಪ್ಪತ್ತೆಂಟು ಮಕ್ಕಳಿಗೆ ಎರಡೆರಡು, ಮಿಕ್ಕದ್ದು ನಾಲ್ಕು ಎಂದು ಹಲಗೆಯ ಮೇಲೆ ಲೆಕ್ಕ ಬರೆದಿಟ್ಟಿದ್ದೆ.

ಅಷ್ಟರಲ್ಲಿ ಆ ಹುಡುಗಿಯ ತಾಯಿ ಬಾಗಿಲಿಗೆ ಬಂದಳು. ಕೈಯಲ್ಲಿ ಕಾಗದದ ಪೊಟ್ಟಣ. “ಬಿಳಿ ಹಾಳಿಗಂತ ಇಟ್ಟ ರೊಕ್ಕ ಹಂಗೇ ಉಳಿದಿತ್ತರಿ ಸರ್. ಬೆಲ್ಲ ತಂದೀನಿ” ಎಂದಳು. ನಾನು ತಂದದ್ದಿದೆಯೆಂದು ಹೇಳಲು ಬಾಯಿ ಬರಲಿಲ್ಲ. ನನ್ನ ಬೆಲ್ಲ ಚೀಲದಲ್ಲಿಯೇ ಉಳಿಯಿತು. ಪೊಟ್ಟಣ ತೂಗಿದಾಗ ಒಂದೂಕಾಲು ಕಿಲೋ ಇತ್ತು. ಅಷ್ಟನ್ನೂ ಹಾಕಿ ಕುಟ್ಟಿದರು. ಉಂಡಿ ಕೈಗೆ ಅಂಟತೊಡಗಿತು. ಆಯಿ ಮೂರು ಹಿಡಿ ಅಳ್ಳಿಟ್ಟು ಬೆರೆಸಿ ಹದಕ್ಕೆ ತಂದಳು. ಒಟ್ಟು ತೂಕ 3 ಕಿಲೋ 400 ಗ್ರಾಂ. ಹುಡುಗಿ ಎದ್ದು ಬಂದು, ನನ್ನ ಲೆಕ್ಕವನ್ನು ಒರೆಸಿ, ಅರವತ್ತೆಂಟು ಎಂದು ಬರೆದಳು.