ಹಲ್ಲಿಗೆ ಹಲ್ಲು ಕೂಡುವ ತನಕ

ಕ್ಲಚ್ ಒತ್ತಿ, ಪಿಟಿಒ (ಪವರ್ ಟೇಕ್-ಆಫ್) ಲಿವರ್ ಎಳೆದು, ನಿಧಾನಕ್ಕೆ ಕ್ಲಚ್ ಬಿಡುತ್ತೀರಿ. ಬೆನ್ನ ಹಿಂದೆ ಟಿಪ್ಪರ್ ಬಾಡಿ ಮೇಲೇಳುತ್ತದೆ. ಹಿಂಬಾಗಿಲ ಸಂದಿಯಿಂದ ಜಲ್ಲಿ ಉದುರಲು ಶುರುವಾಗಿ, ಧೂಳು ಮೂಗಿಗೆ ಬರುತ್ತದೆ. ಅಷ್ಟರಲ್ಲಿ ಕಾಲ ಕೆಳಗಿನಿಂದ ಕಟಕಟ ಸದ್ದು. ಪೆಡಲಿನ ಮೂಲಕ ಅದು ಪಾದಕ್ಕೇ ಬಡಿಯುತ್ತದೆ. ಮತ್ತೆ ಕ್ಲಚ್ ಒತ್ತುವ ಮೊದಲೇ ಒಂದು ಗಟ್ಟಿ ಹೊಡೆತ, ಆಮೇಲೆ ಏನೂ ಇಲ್ಲ. ಎಂಜಿನ್ ಓಡುತ್ತಿದೆ. ಬಾಡಿ ಎತ್ತುವ ಪಂಪ್ ತಿರುಗುತ್ತಿಲ್ಲ. ಬಾಡಿ ಅರ್ಧದಲ್ಲೇ ನಿಂತಿದೆ.

ನೀವು ಇಳಿಯುವಷ್ಟರಲ್ಲಿ ಕ್ಲೀನರ್ ಮೊಬೈಲ್ ಟಾರ್ಚ್ ಹಿಡಿದು, ಚಾಸಿಗೂ ಎದ್ದ ಬಾಡಿಗೂ ನಡುವೆ ತಲೆ ತೂರಿಸುತ್ತಿದ್ದಾನೆ. ‘ಏಯ್, ಈಚೆ ಬಾರೋ!’ ಅಂಗಿ ಹಿಡಿದು ಎಳೆಯುತ್ತೀರಿ. ಅವನು ಬೈದುಕೊಳ್ಳುತ್ತಾ ಹಿಂದಕ್ಕೆ ಬೀಳುತ್ತಾನೆ. ಬೀಳಲಿ. ಮೇಲೆ ಹತ್ತು ಟನ್ನಿಗೆ ಹತ್ತಿರದ ಜಲ್ಲಿ ಇದೆ, ಅದನ್ನು ಹಿಡಿದಿರುವುದು ಒಂದು ವಾಲ್ವ್ ತಡೆದು ನಿಲ್ಲಿಸಿದ ಎಣ್ಣೆ ಮಾತ್ರ. ಹೋಸ್ ಪೈಪ್ ಒಂದು ಬಿರಿದರೆ ಕೂಗುವುದಕ್ಕೂ ಸಮಯವಿರುವುದಿಲ್ಲ. ಎಲ್ಲರನ್ನೂ ದೂರ ನಿಲ್ಲಿಸಿ, ಕ್ಯಾಬಿನ್ನಿಂದಲೇ ವಾಲ್ವ್ ಕೂದಲಷ್ಟು ಬಿಡುತ್ತೀರಿ, ಹಿಡಿಯುತ್ತೀರಿ, ಮತ್ತೆ ಬಿಡುತ್ತೀರಿ. ಬಾಡಿ ಚಾಸಿಯ ಮೇಲೆ ಕೂತ ಸದ್ದು ಕೇಳಿದ ಮೇಲೆ ಗೊತ್ತಾಗುತ್ತದೆ, ಅಂಗೈ ಪೂರ್ತಿ ಒದ್ದೆ. ಮನೆ ಕಟ್ಟಿಸುವವರು ಗೊಣಗುತ್ತಾರೆ. ಉಳಿದ ಜಲ್ಲಿ ಸನಿಕೆಯಲ್ಲಿ ಇಳಿಯುತ್ತದೆ.

ಪಿಟಿಒದ ಹಲ್ಲು ಮುರಿದಿರಬೇಕು, ಆ ಚೂರು ಗೇರ್‌ಗಳ ನಡುವೆ ಸಿಕ್ಕರೆ ಇಡೀ ಗೇರ್‌ಬಾಕ್ಸೇ ಹೋಗುತ್ತದೆ. ಹಾಗಾಗಿ ಪ್ರೊಪೆಲರ್ ಶಾಫ್ಟ್ ಬಿಚ್ಚಿ, ಗಾಡಿಯನ್ನು ಹೊಸಕೋಟೆ ರಸ್ತೆಯ ಶೆಡ್ಡಿಗೆ ಕಟ್ಟಿ ಎಳೆಸುತ್ತೀರಿ.

ಗಾಡಿ ಟಾಟಾ 1613. ಒಟ್ಟು ತೂಕ 16 ಟನ್, ಶಕ್ತಿ ಸುಮಾರು 130 ಎಚ್‌ಪಿ ಎಂದು ಹೆಸರೇ ಹೇಳುತ್ತದೆ. ಇಂಥ ಗಾಡಿಗೆ ಸಾಮಾನು ಎಲ್ಲಿ ಬೇಕಾದರೂ ಸಿಗುತ್ತದೆ ಎಂಬ ಧೈರ್ಯದ ಮೇಲೇ ನೀವು ಅದನ್ನು ಕೊಂಡದ್ದು. ಶೆಡ್ಡಿನ ಮೇಸ್ತ್ರಿ ಗಾಡಿಗೆ ಕೈ ಹಾಕುವ ಮೊದಲು ಬ್ಯಾಟರಿ ವೈರ್ ತೆಗೆಸುತ್ತಾರೆ. ‘ಕೀ ಎಲ್ಲಿ?’ ನಿಮ್ಮ ಜೇಬಿನಲ್ಲಿ. ‘ಅಲ್ಲೇ ಇರ್ಲಿ. ಯಾರ್ ಕೇಳಿದ್ರೂ ಕೊಡ್ಬೇಡಿ.’

ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗುತ್ತೀರಿ. ನಟ್ಟುಗಳು ಸಡಿಲಾಗಿ ಎಣ್ಣೆ ಬೋಗುಣಿಗೆ ಬೀಳುತ್ತದೆ. ತೊಂಬತ್ತರ ಗ್ರೇಡಿನ ಗೇರ್ ಆಯಿಲ್‌ನ ಆ ಗಂಧಕದ ನಾತ ಗಂಟಲಿಗೇ ಇಳಿಯುತ್ತದೆ. ಪಿಟಿಒ ಕಳಚಿದಾಗ ಗೇರ್‌ಬಾಕ್ಸ್‌ನ ಪಕ್ಕದಲ್ಲಿ ಒಂದು ಕಿಟಕಿ. ಪಿಟಿಒಗೆ ಸ್ವಂತ ಬಲವಿಲ್ಲ. ಈ ಕಿಟಕಿಯಲ್ಲಿ ತನ್ನ ಗೇರನ್ನು ಒಳಗೆ ಚಾಚಿ, ಕೌಂಟರ್ ಶಾಫ್ಟ್‌ನ ಗೇರಿನಿಂದ ತಿರುಗಣೆ ಪಡೆದು, ಪಂಪಿಗೆ ಕೊಡುವುದಷ್ಟೇ ಅದರ ಕೆಲಸ. ಮೇಸ್ತ್ರಿ ಅಯಸ್ಕಾಂತ ಇಳಿಸಿ ಚೂರುಗಳನ್ನು ಎತ್ತುತ್ತಾರೆ, ಒಂದನ್ನು ಒರೆಸಿ ನಿಮ್ಮ ಬೆರಳಿಗೆ ಕೊಡುತ್ತಾರೆ. ಹಲ್ಲಿನ ಅರ್ಧ ಅಗಲ ಮಾತ್ರ ಸವೆದು ಹೊಳೆಯುತ್ತಿದೆ, ಉಳಿದರ್ಧ ಹೊಚ್ಚಹೊಸದು.

‘ಗೇರ್‌ಬಾಕ್ಸ್ ಚೇಂಜ್ ಮಾಡ್ಸಿದ್ರಾ?’

‘ನಾನಿಲ್ಲ. ಮುಂಚಿನ ಓನರ್ ಏನ್ ಮಾಡಿದ್ರೋ.’

ಗೇರ್‌ಬಾಕ್ಸಿನ ನಂಬರ್ ಪ್ಲೇಟು ಉಜ್ಜಿಹೋಗಿದೆ. ಟಾಟಾ ಗಾಡಿಗಳಲ್ಲಿ ಜಿಬಿಎಸ್-40 ಇದೆ, ಜಿಬಿಎಸ್-50 ಇದೆ, ಎರಡರದೂ ಬಿಡಿಭಾಗ ಬೆರೆಸಿ ಕಟ್ಟಿದ್ದೂ ಇರಬಹುದು. ಹಳೇ ಲಾರಿ ಕೊಳ್ಳುವವರು ಚಾಸಿ ನಂಬರ್ ನೋಡುತ್ತಾರೆ, ಎಂಜಿನ್ ನಂಬರ್ ನೋಡುತ್ತಾರೆ. ಗೇರ್‌ಬಾಕ್ಸ್ ಯಾವುದೆಂದು ಕೇಳುವವರು ಅಪರೂಪ. ಬೇರೆ ಬಾಕ್ಸಿಗೆ ಹಳೇ ಪಿಟಿಒ ಕೂರಿಸಿದ್ದಾರೆ, ತೂತುಗಳು ಹೊಂದಿವೆ, ಗೇರು ಪಕ್ಕಕ್ಕೆ ಸರಿದಿದೆ. ಇಷ್ಟು ದಿನ ನಿಮ್ಮ ಲೋಡೆಲ್ಲ ಅರ್ಧ ಹಲ್ಲಿನ ಮೇಲೇ ಎದ್ದಿದೆ.

ಈಗ ನಿಮ್ಮ ಕೈ ಕಿಟಕಿಯೊಳಗೆ ಹೋಗಬೇಕು. ನ್ಯೂಟ್ರಲ್‌ನಲ್ಲಿದೆ, ಕೀ ತೊಡೆಗೆ ಒತ್ತುತ್ತಿದೆ, ಆದರೂ ಮೊಣಕೈ ಬಿಗಿಯುತ್ತದೆ. ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ತಿರುಗಿಸುತ್ತಾ ಎಣಿಸುತ್ತೀರಿ. ಮೇಸ್ತ್ರಿ ವರ್ನಿಯರ್‌ನಿಂದ ಕಿಟಕಿಯ ಮುಖದಿಂದ ಹಲ್ಲಿನ ತುದಿಗೆ ಎಷ್ಟೆಂದು ಅಳೆಯುತ್ತಾರೆ, ಗೇರು ಕಿಟಕಿಯ ಯಾವ ಅಂಚಿಗಿದೆ ಎಂದು ಅಳೆಯುತ್ತಾರೆ. ಕೊನೆಗೆ ಒಂದು ಬಿಳಿ ಕಾಗದವನ್ನು ಎಣ್ಣೆಮಸಿಯ ಹಲ್ಲುಗಳಿಗೆ ಒತ್ತಿ ತೆಗೆಯುತ್ತಾರೆ. ಓರೆ ಗೆರೆಗಳ ಅಚ್ಚು. ಒಳಗಿನ ಗೇರು ಬಲಕ್ಕೆ ವಾಲಿದರೆ ಅದಕ್ಕೆ ಕೂಡುವುದು ಎಡಕ್ಕೆ ವಾಲಬೇಕು. ಒತ್ತಿದ ಅಚ್ಚು ತಿರುಗುಮುರುಗಾಗಿ ಬೀಳುವುದರಿಂದ, ನಿಮಗೆ ಬೇಕಾದ ಪಿಟಿಒ ಗೇರಿನ ಓರೆಯೇ ಕಾಗದದ ಮೇಲೆ ಮೂಡಿದೆ.

ಆ ಕಾಗದ ಹಿಡಿದು ಹಳೇ ಪಿಟಿಒ ಹುಡುಕಲು ಬೆಂಗಳೂರಿನ ಕಲಾಸಿಪಾಳ್ಯದ ಪಕ್ಕದ ಜಾಲಿ ಮೊಹಲ್ಲಾ. ಗುಜರಿ ಅಂಗಡಿಗಳ ಸುತ್ತಿಗೆ ಏಟು, ಗ್ಯಾಸ್ ಕಟ್ಟಿಂಗ್‌ನ ಸುಟ್ಟ ವಾಸನೆ. ಚೀಲದಲ್ಲಿ ಮುರಿದ ಪಿಟಿಒ ಹೊತ್ತಿದ್ದೀರಿ, ಅಂಗಡಿಯವನ ಮುಂದೆ ಅದನ್ನೇ ಸುರಿಯಬೇಕೆನಿಸುತ್ತದೆ. ಮೇಸ್ತ್ರಿ ಚೀಲದ ಬಾಯಿ ಹಿಡಿಯುತ್ತಾರೆ. ಇದಕ್ಕೆ ಜೋಡಿ ಸಿಕ್ಕಿದರೆ ಇದೇ ಮುರಿತಕ್ಕೆ ಜೋಡಿ ಸಿಕ್ಕಿದ ಹಾಗೆ. ಹೊಂದಬೇಕಾದ್ದು ಕಾಗದಕ್ಕೆ.

ಅಂಗಡಿಯವನು ಬೆಳ್ಳಿ ಬಣ್ಣ ಹೊಡೆದ ಒಂದನ್ನು ಮುಂದೆ ಇಡುತ್ತಾನೆ. ‘ತಗೊಳ್ಳಿ ಅಣ್ಣಾ, ಹೋಲ್ ಎಲ್ಲಾ ಕರೆಕ್ಟಾಗಿ ಕೂರ್ತದೆ. ಆಗ್ಲಿಲ್ಲ ಅಂದ್ರೆ ನನ್ನ ಕೇಳಿ.’ ಬೆಲೆಯೂ ಕಡಿಮೆ. ಫೋನ್ ಬಡಿದುಕೊಳ್ಳುತ್ತಿದೆ, ಜಲ್ಲಿ ಕ್ರಷರ್‌ನವರು. ಇದನ್ನು ಹಿಡಿದರೆ ರಾತ್ರಿಗೆ ಗಾಡಿ ಕೆಲಸಕ್ಕೆ. ಕಾಗದವನ್ನು ಗೇರಿನ ಪಕ್ಕ ಹಿಡಿಯುತ್ತೀರಿ. ಗೆರೆ ಒಂದು ಕಡೆ, ಹಲ್ಲು ಇನ್ನೊಂದು ಕಡೆ. ‘ಬೇಡ ಭಾಯ್.’ ಹೇಳುವಾಗ ನಾಲಿಗೆ ಒಣಗಿರುತ್ತದೆ.

ಮುಂದಿನ ಅಂಗಡಿಯಲ್ಲಿ ಹಲ್ಲು ದಪ್ಪ. ಅದರಾಚೆಯದರಲ್ಲಿ ಬೇರಿಂಗ್ ಸತ್ತಿದೆ. ಆಮೇಲೆ, ಡಿಫರೆನ್ಷಿಯಲ್‌ಗಳ ರಾಶಿಯ ಹಿಂದಿನಿಂದ, ಜಿಡ್ಡುಗಟ್ಟಿದ ಒಂದು ಬರುತ್ತದೆ. ಓರೆ ಸರಿ. ಹಲ್ಲು ಸರಿ. ವರ್ನಿಯರ್ ಲೆಕ್ಕ ಸರಿ. ಎದೆ ಹಗುರಾಗುವ ಹೊತ್ತಿಗೆ ಮೇಸ್ತ್ರಿ ಅದರ ಶಾಫ್ಟ್ ತಿರುಗಿಸಿ ನೋಡಿ ಸುಮ್ಮನಾಗುತ್ತಾರೆ. ಒಳಗೆ ಒಂದು ಗೇರು ಹೆಚ್ಚಿಗೆ ಇದೆ. ನಡುವೆ ಗೇರೊಂದು ಸೇರಿದರೆ ದಿಕ್ಕು ತಿರುಗುತ್ತದೆ, ಪಂಪ್ ಉಲ್ಟಾ ಓಡುತ್ತದೆ. ಒಂದೇ ದಿಕ್ಕಿಗೆಂದು ಕಟ್ಟಿದ ಗೇರ್ ಪಂಪನ್ನು ಉಲ್ಟಾ ಓಡಿಸಿದರೆ ಬಾಡಿ ಏಳುವುದಿಲ್ಲ, ಒತ್ತಡ ಶಾಫ್ಟ್‌ನ ಸೀಲಿನ ಮೇಲೆ ಬಿದ್ದು ಅದು ಕಿತ್ತುಬರುತ್ತದೆ.

ಬಿಟ್ಟು ಹುಡುಕುವುದೋ, ಇದನ್ನು ಕೊಂಡು ಪಂಪಿನ ದಿಕ್ಕು ಬದಲಾಯಿಸುವುದೋ? ನಿಮ್ಮದು ಬಿಚ್ಚಿ ತಿರುಗಿಸಿ ಜೋಡಿಸಬಹುದಾದ ಪಂಪು, ಪೀಣ್ಯದಲ್ಲಿ ಮಾಡಿಕೊಡುತ್ತಾರೆ. ಖರ್ಚು ಹೆಚ್ಚು. ಆದರೆ ಪಂಪ್ ಹೊರಗಿನ ವಸ್ತು, ಕೈಗೆ ಸಿಗುತ್ತದೆ. ಗೇರಿನ ಹಲ್ಲನ್ನು ಬಗ್ಗಿಸಲು ಯಾರಿಂದಲೂ ಆಗದು. ನೋಟು ಎಣಿಸಿ ಕೊಡುತ್ತೀರಿ.

ಮತ್ತೆ ಗೋಣಿಚೀಲ, ಮತ್ತೆ ಗಂಧಕದ ನಾತ. ಸ್ಟಡ್ಡುಗಳ ತುದಿ ಒಳಗೆ ಚಾಚಿ ಗೇರಿಗೆ ತಗುಲದಂತೆ ನೋಡಿ, ಪ್ಯಾಕಿಂಗ್ ಇಟ್ಟು ಬಿಗಿಯುತ್ತೀರಿ. ಹಲ್ಲಿಗೂ ಹಲ್ಲಿಗೂ ನಡುವೆ 0.15ರಿಂದ 0.30 ಮಿಲಿಮೀಟರ್ ಪ್ಲೇ ಬೇಕು, ದಿನಪತ್ರಿಕೆಯ ಎರಡರಿಂದ ನಾಲ್ಕು ಹಾಳೆಯಷ್ಟು. ಮೇಸ್ತ್ರಿಯ ಹತ್ತಿರ ಡಯಲ್ ಗೇಜ್ ಇದೆ, ಆದರೆ ಮೊದಲು ಹೆಬ್ಬೆರಳಿನಿಂದ ಅಲ್ಲಾಡಿಸುತ್ತಾರೆ. ‘ಟೈಟು.’

‘ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ್ವಾ?’ ಎನ್ನುತ್ತೀರಿ. ಅವರು ಭುಜ ಹಾರಿಸುತ್ತಾರೆ.

ಎಣ್ಣೆ ತುಂಬಿ, ಬ್ಯಾಟರಿ ವೈರ್ ಹಾಕಿ, ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ ಕಾಯುತ್ತೀರಿ. ಒಳಗೆ ತಿರುಗುವುದು ನಿಲ್ಲುವ ಮೊದಲು ಲಿವರ್ ಎಳೆದರೆ ಹೊಸ ಹಲ್ಲೂ ಉದುರುತ್ತದೆ. ಒಂದು, ಎರಡು, ಮೂರು. ಎಳೆಯುತ್ತೀರಿ. ಕ್ಲಚ್ ಬಿಡುತ್ತೀರಿ. ಕೀಂ ಎಂದು ಸಣ್ಣ ಚೀರು, ಏರುತ್ತಾ ಏರುತ್ತಾ ಹಲ್ಲು ಜುಮ್ಮೆನಿಸುತ್ತದೆ. ‘ಆಫ್! ಆಫ್ ಮಾಡಿ!’

ಬಿಚ್ಚಿ, 0.25 ಮಿಲಿಮೀಟರ್‌ನ ಇನ್ನೊಂದು ಪ್ಯಾಕಿಂಗ್. ಅಷ್ಟಕ್ಕೆ ಪ್ಲೇ ಸುಮಾರು 0.15 ಹೆಚ್ಚುತ್ತದೆ. ತೀರಾ ಹೆಚ್ಚಾದರೆ ಚೀರುವ ಬದಲು ಕಟಕಟ ಶುರುವಾಗುತ್ತದೆ. ಮತ್ತೆ ಹೆಬ್ಬೆರಳು, ಈ ಸಲ ಗೇಜ್ ಕೂಡ. ಮತ್ತೆ ಎಣ್ಣೆ, ಮತ್ತೆ ಕ್ಲಚ್, ಮತ್ತೆ ಎಣಿಕೆ, ಲಿವರ್.

ಗೊರಗೊರ ಎನ್ನುವ ತಗ್ಗು ದನಿಯೊಂದೇ. ಪೀಣ್ಯದಿಂದ ಬಂದ ಪಂಪು ಎಣ್ಣೆ ಹಿಡಿಯುತ್ತದೆ. ಖಾಲಿ ಬಾಡಿ ನಡುಗಿ ಏಳುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಕ್ಲೀನರ್ ಈ ಸಲ ಹೇಳಿಸಿಕೊಳ್ಳದೆಯೇ ರಸ್ತೆಯಾಚೆ ನಿಂತಿದ್ದಾನೆ.

ಮೇಸ್ತ್ರಿ ಬನಿಯನ್ ವೇಸ್ಟ್‌ನಲ್ಲಿ ಕೈ ಒರೆಸಿಕೊಳ್ಳುತ್ತಾ ಆಯಿಲ್ ಲೆವೆಲ್ ನೋಡಿ, ಇನ್ನಷ್ಟು ಹಾಕಿಸುತ್ತಾರೆ.

‘ನಾಲ್ಕ್ ಲೋಡ್ ಆದ್ಮೇಲೆ ಬನ್ನಿ, ನಟ್ ಬಿಗಿ ನೋಡ್ಬೇಕು. ಪ್ಯಾಕಿಂಗ್ ಕೂತ್ಕೊಂಡ್ಮೇಲೆ ಸಡಿಲ ಆಗ್ತವೆ. ಗಾಡಿ ಮೂವ್ ಮಾಡೋಕ್ ಮುಂಚೆ ಲಿವರ್ ಬಿಡ್ಸಿ. ಮರ್ತು ಓಡ್ಸಿದ್ರೆ ಬಾಡಿ ಎದ್ದು ಕರೆಂಟ್ ತಂತಿಗ್ ಹೋಗತ್ತೆ.’

ಲಿವರ್ ಬಿಡಿಸುತ್ತೀರಿ. ಬಿಟ್ಟಿದೆಯೇ ಎಂದು ಇನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ ಮೊದಲ ಗೇರ್ ಹಾಕುತ್ತೀರಿ. ಕ್ರಷರ್‌ನವರ ಫೋನ್ ಮತ್ತೆ ಬರುತ್ತಿದೆ. ‘ಹತ್ತು’ ಎಂದು ಕ್ಲೀನರ್‌ಗೆ ಕೂಗಿ ಹೇಳುತ್ತೀರಿ, ‘ಲೋಡಿಗೆ ಹೋಗೋಣ.’