‘ಡೀಪ್ ಸ್ಪೇಸ್ ನೈನ್’: ಜಮಾ ಎಷ್ಟು, ಖರ್ಚು ಎಷ್ಟು?

ನಮ್ಮ ಕ್ಲಾಸಿನಲ್ಲಿ ಸೀರಿಯಲ್‌ಗಳ ಮಾತು ಬಂದಾಗ ನಾನು ‘ಸ್ಟಾರ್ ಟ್ರೆಕ್’ ಹೆಸರು ತೆಗೆದರೆ ಗೆಳೆಯರು ನಗುತ್ತಾರೆ. “ಅದು ಸೈನ್ಸ್‌ನವರು ನೋಡೋದು, ನೀನು ಕಾಮರ್ಸ್ ಅಲ್ವಾ?” ಎನ್ನುತ್ತಾರೆ. ಅವರಿಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ. ನಾನು ನೋಡಿದ ಸ್ಟಾರ್ ಟ್ರೆಕ್‌ನಲ್ಲಿ ರಾಕೆಟ್ಟಿನಷ್ಟೇ ಅಂಗಡಿಯೂ ಇದೆ, ಗಲ್ಲಾಪೆಟ್ಟಿಗೆಯೂ ಇದೆ, ಸಂಬಳದ ಜಗಳವೂ ಇದೆ.

ಸೌದಿಯಲ್ಲಿ ಕೆಲಸ ಮಾಡುವ ನನ್ನ ಮಾಮು ಎರಡು ವರ್ಷದ ಹಿಂದೆ ರಜೆಗೆ ಬಂದಾಗ ಒಂದು ಡಬ್ಬದ ತುಂಬ ಹಳೆಯ ಡಿವಿಡಿಗಳನ್ನು ಕೊಟ್ಟು ಹೋದರು. ಅದರಲ್ಲಿದ್ದದ್ದೇ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’. ಮೊದಲ ಸ್ಟಾರ್ ಟ್ರೆಕ್ ಅಮೆರಿಕದ ಟಿವಿಯಲ್ಲಿ 1966ರಲ್ಲಿ ಬಂತು. 1987ರಲ್ಲಿ ‘ದ ನೆಕ್ಸ್ಟ್ ಜನರೇಶನ್’ ಶುರುವಾಯಿತು. ಅದರ ಕವಲಾಗಿ 1993ರ ಜನವರಿಯಲ್ಲಿ ಹುಟ್ಟಿದ್ದು ‘ಡೀಪ್ ಸ್ಪೇಸ್ ನೈನ್’. 1999ರವರೆಗೆ ಏಳು ಸೀಸನ್ ನಡೆಯಿತು.

ಹಿಂದಿನ ಎರಡರಲ್ಲೂ ಹಡಗು ಹೋಗುತ್ತದೆ, ಒಂದು ಗ್ರಹದ ಸಮಸ್ಯೆ ಬಗೆಹರಿಸುತ್ತದೆ, ಮುಂದಿನ ವಾರ ಬೇರೆ ಗ್ರಹ. ಇದರಲ್ಲಿ ಹಡಗಿನ ಬದಲು ಒಂದು ಬಾಹ್ಯಾಕಾಶ ನಿಲ್ದಾಣ. ಬಜೋರ್ ಎಂಬ ಗ್ರಹವನ್ನು ಕಾರ್ಡೇಶಿಯನ್ನರು ದಶಕಗಳ ಕಾಲ ಆಳಿ, ದೋಚಿ, ಬಿಟ್ಟುಹೋಗಿದ್ದಾರೆ. ಅವರು ಕಟ್ಟಿದ ನಿಲ್ದಾಣದಲ್ಲಿ ಈಗ ಕಮಾಂಡರ್ ಸಿಸ್ಕೋ ಬಂದು ಕೂರುತ್ತಾನೆ. ಕೂತ ಜಾಗದಲ್ಲೇ ಕೂರಬೇಕಾದ್ದರಿಂದ ನಿನ್ನೆ ಮಾಡಿದ ತಪ್ಪಿನ ಬಾಕಿ ನಾಳೆ ಬಾಗಿಲಿಗೆ ಬರುತ್ತದೆ. ಈ ಸರಣಿಯ ಮೊದಲ ಶಕ್ತಿ ಇದೇ. ಆರನೇ ಸೀಸನ್ನಿನ ಮೊದಲ ಆರು ಕಂತುಗಳು ಒಂದೇ ಯುದ್ಧದ ಕಥೆ. ಆ ಕಾಲದ ಟಿವಿಯಲ್ಲಿ ಇಂಥ ಉದ್ದದ ಕಥೆ ಅಪರೂಪವಾಗಿತ್ತು.

ಎರಡನೆಯದು, ಧರ್ಮವನ್ನು ನಡೆಸಿಕೊಂಡ ರೀತಿ. ಬಜೋರ್‌ನವರು ದೇವಭಕ್ತರು. ಮೇಜರ್ ಕೀರಾ ಎಂಬ ಹೋರಾಟಗಾರ್ತಿ ನಿಜವಾದ ಶ್ರದ್ಧೆಯಿಂದ ಪ್ರಾರ್ಥನೆ ಮಾಡುತ್ತಾಳೆ. ಅದೇ ಧರ್ಮದ ಹೆಸರಿನಲ್ಲಿ ವಿನ್ ಎಂಬ ಧರ್ಮಗುರು ಕುರ್ಚಿಗಾಗಿ ಒದ್ದಾಡುತ್ತಾಳೆ. ಭಕ್ತಿ ಬೇರೆ, ಭಕ್ತಿಯ ವ್ಯಾಪಾರ ಬೇರೆ ಎಂದು ಯಾರೂ ಭಾಷಣ ಮಾಡದೆಯೇ ನಮಗೆ ಗೊತ್ತಾಗುತ್ತದೆ.

ಮೂರನೆಯದು, ನಿಲ್ದಾಣದ ಡಾಕ್ಟರ ಹೆಸರು: ಜೂಲಿಯನ್ ಬಶೀರ್. ಪಾತ್ರ ಮಾಡಿದವರು ಸುಡಾನಿನಲ್ಲಿ ಹುಟ್ಟಿದ ಸಿದ್ದಿಗ್ ಎಲ್ ಫಾದಿಲ್. ಮುಂದೆ ಅವರ ಹೆಸರು ಪರದೆಯ ಮೇಲೆ ಅಲೆಕ್ಸಾಂಡರ್ ಸಿದ್ದಿಗ್ ಎಂದು ಬರುತ್ತದೆ. ಇಂಗ್ಲಿಷ್ ಸಿನಿಮಾಗಳಲ್ಲಿ ಇಂಥ ಹೆಸರಿನವನು ಬಂದರೆ ಅವನ ಕೈಯಲ್ಲಿ ಬಾಂಬ್ ಇರುತ್ತದೆ ಎಂದು ನಾವು ಮೊದಲೇ ಊಹಿಸುತ್ತೇವೆ. ಇಲ್ಲಿ ಬಶೀರ್ ಕೈಯಲ್ಲಿ ಇರುವುದು ಔಷಧಿ. ಆದರೆ ಇಲ್ಲೇ ಒಂದು ಕೊರತೆಯೂ ಇದೆ. ಬಜೋರ್‌ನವರ ಪ್ರಾರ್ಥನೆಗೆ ಇಷ್ಟು ಜಾಗ ಕೊಟ್ಟವರು ಬಶೀರ್‌ಗೆ ಆ ಹೆಸರು ಎಲ್ಲಿಂದ ಬಂತು ಎಂದು ಕೇಳುವುದೇ ಇಲ್ಲ.

ಈಗ ನನ್ನ ಸಬ್ಜೆಕ್ಟಿಗೆ ಬರುತ್ತೇನೆ. ನಿಲ್ದಾಣದಲ್ಲಿ ಕ್ವಾರ್ಕ್ ಎಂಬವನ ಬಾರ್ ಇದೆ. ಅವನು ಫೆರಂಗಿ ಜನಾಂಗದವನು. ದೊಡ್ಡ ಕಿವಿ, ಚೂಪು ಹಲ್ಲು, ಬಾಯಿ ತೆರೆದರೆ ಲಾಭದ ಮಾತು. ವ್ಯಾಪಾರಕ್ಕೆ ಇವರ ಬಳಿ 285 ನಿಯಮಗಳಿವೆ. ಒಮ್ಮೆ ಕೈಗೆ ಬಂದ ದುಡ್ಡನ್ನು ವಾಪಸ್ ಕೊಡಬಾರದು ಎಂಬುದು ಮೊದಲನೆಯದು. ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಒಂದು ಸೂರಾವನ್ನೇ ಓದಿ ಬೆಳೆದ ನಮಗೆ ಇದು ತಮಾಷೆಯಾಗಿಯೂ ಕಾಣುತ್ತದೆ, ಗಾಬರಿಯೂ ಆಗುತ್ತದೆ.

ವ್ಯಾಪಾರಿಯ ಮಗನಾದ ನನಗೆ ಮೊದಲು ಸಿಟ್ಟೇ ಬಂತು. ಒಂದು ಇಡೀ ಜನಾಂಗಕ್ಕೆ ಒಂದೇ ಗುಣವೇ? ಯುರೋಪಿನಲ್ಲಿ ಹಿಂದೆ ಯಹೂದಿಗಳನ್ನು ಗೇಲಿ ಮಾಡುತ್ತಿದ್ದ ಚಿತ್ರಗಳಿಗೆ ಫೆರಂಗಿಗಳನ್ನು ಹೋಲಿಸಿ ಟೀಕೆ ಮಾಡಿದವರಿದ್ದಾರೆ. ಆ ಟೀಕೆ ಸರಿ ಎಂದೇ ನನಗನಿಸುತ್ತದೆ. ಒಂದು ಸಮುದಾಯವನ್ನು ದೂರದಿಂದ ನೋಡಿ ಅವರೆಲ್ಲ ಹೀಗೇ ಎನ್ನುವುದು ಎಷ್ಟು ಸುಲಭ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಸರಣಿ ಆ ತಪ್ಪನ್ನು ಅಲ್ಲಿಗೇ ಬಿಡುವುದಿಲ್ಲ. ಎರಡನೇ ಸೀಸನ್ನಿನ ಕೊನೆಯಲ್ಲಿ ಕ್ವಾರ್ಕ್ ಸಿಸ್ಕೋನನ್ನು ನೇರವಾಗಿ ಕೇಳುತ್ತಾನೆ: ನೀವು ನಮ್ಮನ್ನು ಕೀಳಾಗಿ ನೋಡುತ್ತೀರಿ, ಆದರೆ ಗುಲಾಮಗಿರಿ, ಸಾವಿನ ಶಿಬಿರಗಳು ಯಾರ ಚರಿತ್ರೆಯಲ್ಲಿವೆ, ನಮ್ಮದರಲ್ಲೋ ನಿಮ್ಮದರಲ್ಲೋ? ಸಿಸ್ಕೋಗೆ ಉತ್ತರ ಹೊಳೆಯುವುದಿಲ್ಲ. 1996ರ ‘ಬಾರ್ ಅಸೋಸಿಯೇಶನ್’ ಕಂತಿನಲ್ಲಿ ಕ್ವಾರ್ಕ್‌ನ ತಮ್ಮ ರೋಮ್, ಕಾಯಿಲೆ ಬಂದರೂ ರಜೆ ಸಿಗದೆ, ಸಂಬಳಕ್ಕೂ ಕತ್ತರಿ ಬಿದ್ದಾಗ, ಕೆಲಸಗಾರರ ಸಂಘ ಕಟ್ಟಿ ಮುಷ್ಕರ ಹೂಡುತ್ತಾನೆ. ಮಾಲೀಕ ಮತ್ತು ಕಾರ್ಮಿಕ ಇಬ್ಬರೂ ಒಂದೇ ಮನೆಯವರಾದರೆ ಏನಾಗುತ್ತದೆ ಎಂದು ಬಿಸಿನೆಸ್ ಸ್ಟಡೀಸ್ ಪಾಠಕ್ಕಿಂತ ಚೆನ್ನಾಗಿ ಅದು ತೋರಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ ಕಂತು ಬೇರೆ. ಮೂರನೇ ಸೀಸನ್ನಿನ ‘ಹಾರ್ಟ್ ಆಫ್ ಸ್ಟೋನ್’. ರೋಮ್‌ನ ಮಗ ನಾಗ್ ತಾನು ವ್ಯಾಪಾರ ಮಾಡುವುದಿಲ್ಲ, ಸ್ಟಾರ್‌ಫ್ಲೀಟ್ ಸೇರುತ್ತೇನೆ ಎಂದು ಸಿಸ್ಕೋ ಬಳಿ ಬರುತ್ತಾನೆ. ಯಾರೂ ನಂಬುವುದಿಲ್ಲ. ಅವನನ್ನು ಪರೀಕ್ಷಿಸಲು ಗೋದಾಮಿನ ಸ್ಟಾಕ್ ಲೆಕ್ಕ ಹಾಕಲು ಬಿಡುತ್ತಾರೆ, ಏನಾದರೂ ಕದಿಯುತ್ತಾನೇನೋ ಎಂದು. ಅವನು ಕದಿಯುವುದಿಲ್ಲ. ಕೊನೆಗೆ ಸಿಸ್ಕೋ ಒತ್ತಾಯಿಸಿ ಕೇಳಿದಾಗ ನಾಗ್ ಕಣ್ಣೀರು ತುಂಬಿ ಕಾರಣ ಹೇಳುತ್ತಾನೆ: ನನ್ನ ತಂದೆಗೆ ಯಂತ್ರ ಬರುತ್ತದೆ, ವ್ಯಾಪಾರ ಬರುವುದಿಲ್ಲ, ದೊಡ್ಡ ಎಂಜಿನಿಯರ್ ಆಗಬಹುದಿತ್ತು, ಆದರೆ ಲಾಭದ ಹಿಂದೆ ಓಡಿ ಏನೂ ಗಳಿಸಲಿಲ್ಲ, ನಾನು ಅವರ ಹಾಗೆ ಆಗಲಾರೆ.

ಅವತ್ತು ನಾನು ಡಿವಿಡಿ ನಿಲ್ಲಿಸಿದೆ. ನನ್ನ ಅಬ್ಬಾಗೆ ಒಂದು ಸೈಕಲ್ ಅಂಗಡಿ ಇದೆ. ಡೊಂಕಾದ ರಿಮ್ಮನ್ನು ಕೈಯಲ್ಲಿ ತಿರುಗಿಸಿ, ಯಾವ ಕಡ್ಡಿ ಸಡಿಲವಾಗಿದೆ ಎಂದು ನೋಡದೆಯೇ ಹೇಳುತ್ತಾರೆ. ಆದರೆ ಬಿಲ್ ಬರೆಯಲು ಬರುವುದಿಲ್ಲ. ಪಂಕ್ಚರ್ ಹಾಕಿಸಿದ ಶಾಲೆಯ ಹುಡುಗರಿಗೆ “ನಾಳೆ ಕೊಡು ಬೇಟಾ” ಎನ್ನುತ್ತಾರೆ, ಆ ನಾಳೆ ಬರುವುದೇ ಇಲ್ಲ. ಫಸ್ಟ್ ಪಿಯುಸಿಯಲ್ಲಿ ಬ್ಯಾಡ್ ಡೆಟ್ಸ್ ಪಾಠ ಕಲಿತ ಹುಮ್ಮಸ್ಸಿನಲ್ಲಿ ನಾನು ಅವರ ಉದ್ರಿ ಪುಸ್ತಕ ತೆಗೆದು ಕೂಡಿಸಿದ್ದೆ. ಮೊತ್ತ ನೋಡಿ, “ಅಬ್ಬಾ, ನೀವು ವ್ಯಾಪಾರ ಮಾಡ್ತಿಲ್ಲ, ಖೈರಾತ್ ಮಾಡ್ತಿದ್ದೀರಿ” ಎಂದು ಅಂಗಡಿಯಲ್ಲಿ ಗಿರಾಕಿಗಳ ಎದುರೇ ಹೇಳಿದ್ದೆ. ಅವರು ಏನೂ ಅನ್ನಲಿಲ್ಲ, ಪಾನಾ ಎತ್ತಿಕೊಂಡು ಕೆಲಸ ಮುಂದುವರಿಸಿದರು. ನಾಗ್ ತನ್ನ ತಂದೆಯ ಸೋಲನ್ನು ಅಳುತ್ತಾ ಹೇಳಿದ. ನಾನು ನನ್ನ ತಂದೆಯದನ್ನು ಜಂಬದಿಂದ ಹೇಳಿದ್ದೆ.

ಏಳನೇ ಸೀಸನ್ನಿನಲ್ಲಿ ನಾಗ್ ಇನ್ನೊಂದು ಮಾತು ಹೇಳುತ್ತಾನೆ. ಫೆರಂಗಿಗಳ ನಂಬಿಕೆಯಂತೆ ಲೋಕದಲ್ಲಿ ಒಂದು ದೊಡ್ಡ ನದಿ ಹರಿಯುತ್ತದೆ. ಹೆಚ್ಚಿರುವ ಕಡೆಯಿಂದ ಬೇಕಿರುವ ಕಡೆಗೆ ಅದು ಸರಕನ್ನು ಒಯ್ಯುತ್ತದೆ, ವ್ಯಾಪಾರಿ ಅದರಲ್ಲಿ ದೋಣಿ ನಡೆಸುವವನು. ಇಷ್ಟು ಒಳ್ಳೆಯ ಮಾತನ್ನು ಮೊದಲು ಬರೀ ನಗೆಪಾಟಲಾಗಿದ್ದ ಜನಾಂಗದ ಬಾಯಲ್ಲಿ ಹೇಳಿಸಲು ಲೇಖಕರಿಗೆ ವರ್ಷಗಳೇ ಬೇಕಾದವು. ಕವಲು ಸರಣಿಯೊಂದು ಮಾಡಬೇಕಾದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಮೂಲ ಸರಣಿ ಅವಸರದಲ್ಲಿ ಬಿಟ್ಟುಹೋದದ್ದನ್ನು ಕೂತು ಸರಿಮಾಡುವುದು.

ಇನ್ನು ಖರ್ಚಿನ ಕಡೆ. ಮೊದಲ ಸೀಸನ್ ನಿಧಾನ. ‘ಮೂವ್ ಅಲಾಂಗ್ ಹೋಮ್’ ಎಂಬ ಕಂತಿನಲ್ಲಿ ಅಧಿಕಾರಿಗಳು ಕುಂಟೆಬಿಲ್ಲೆ ಆಡಿದ್ದು ನೋಡಿ ನಾನು ಸರಣಿಯನ್ನೇ ಬಿಡುವವನಿದ್ದೆ. ಫೆರಂಗಿ ಹೆಂಗಸರು ದುಡಿದು ಸಂಪಾದಿಸುವಂತಿಲ್ಲ ಎಂಬ ಕಾನೂನು ಕಥೆಯಲ್ಲಿದೆ. ಕ್ವಾರ್ಕ್‌ನ ತಾಯಿ ಇಷ್ಕಾ ಗುಟ್ಟಾಗಿ ವ್ಯಾಪಾರ ಮಾಡಿ ಮಕ್ಕಳಿಗಿಂತ ಹೆಚ್ಚು ಗಳಿಸಿರುವುದು ಬಯಲಾಗುವ ಕಂತು ಚೆನ್ನಾಗಿದೆ. ಹಜ್ರತ್ ಖದೀಜಾ ಅವರ ವ್ಯಾಪಾರದ ಕಥೆ ಕೇಳಿ ಬೆಳೆದವರಿಗೆ ಅವಳ ಪರ ನಿಲ್ಲುವುದು ಕಷ್ಟವಲ್ಲ. ಆದರೆ 1998ರ ‘ಪ್ರಾಫಿಟ್ ಅಂಡ್ ಲೇಸ್’ನಲ್ಲಿ ಅದೇ ವಿಷಯವನ್ನು ಕ್ವಾರ್ಕ್‌ಗೆ ಹೆಣ್ಣುವೇಷ ಹಾಕಿಸಿ ಕೀಳು ಹಾಸ್ಯ ಮಾಡಿದ್ದಾರೆ. ಗುಲ್ ಡುಕಾಟ್ ಎಂಬ ಖಳನಾಯಕನಿಗೂ ಹೀಗೇ ಆಗಿದೆ. ತಾನು ದಯಾಳು ಎಂದು ನಂಬಿದ್ದ ದಬ್ಬಾಳಿಕೆಗಾರನಾಗಿ ಅವನು ಭಯ ಹುಟ್ಟಿಸುತ್ತಿದ್ದ, ಕೊನೆಗೆ ಕೆಂಪು ಕಣ್ಣಿನ ದೆವ್ವವಾದಾಗ ಭಯವೇ ಹೋಯಿತು.

ದೊಡ್ಡ ಲೆಕ್ಕದ ತಪ್ಪು ಇನ್ನೊಂದಿದೆ. ಭೂಮಿಯವರು ಹಣವನ್ನೇ ಬಿಟ್ಟಿದ್ದಾರಂತೆ. ಹಾಗಾದರೆ ಅವರು ಕ್ವಾರ್ಕ್‌ನ ಬಾರಿನಲ್ಲಿ ಬಿಲ್ ಹೇಗೆ ಕಟ್ಟುತ್ತಾರೆ? ಯಾರೂ ಸರಿಯಾಗಿ ವಿವರಿಸುವುದಿಲ್ಲ. ‘ಇನ್ ದ ಕಾರ್ಡ್ಸ್’ ಕಂತಿನಲ್ಲಿ ಸಿಸ್ಕೋ ಮಗ ಜೇಕ್ ಹರಾಜಿನಲ್ಲಿ ಕೂಗಲು ನಾಗ್ ಬಳಿ ದುಡ್ಡು ಕೇಳುತ್ತಾನೆ. ನಿಮಗೆ ದುಡ್ಡು ಬೇಡವೆಂದರೆ ನನ್ನ ದುಡ್ಡೂ ಬೇಡ ತಾನೆ ಎಂದು ನಾಗ್ ಕೇಳಿದಾಗ ನಾನು ಚಪ್ಪಾಳೆ ತಟ್ಟಿದೆ.

ಕಳೆದ ರಂಜಾನ್ ರಜೆಯಲ್ಲಿ ಅಬ್ಬಾಗೆ ‘ಬಾರ್ ಅಸೋಸಿಯೇಶನ್’ ತೋರಿಸಿದೆ, ಇಂಗ್ಲಿಷ್ ಮಾತುಗಳನ್ನು ಉರ್ದುವಿನಲ್ಲಿ ಹೇಳುತ್ತಾ. ಕೊನೆಯಲ್ಲಿ ರೋಮ್ ಅಣ್ಣನ ಬಾರ್ ಬಿಟ್ಟು ನಿಲ್ದಾಣದಲ್ಲಿ ರಿಪೇರಿ ಕೆಲಸಕ್ಕೆ ಸೇರುತ್ತಾನೆ. ಅಬ್ಬಾ ನಕ್ಕು, “ಇವನಿಗೆ ರಿಪೇರಿ ಬರ್ತದೆ, ಬಿಲ್ ಬರಲ್ಲ. ನಮ್ಮವನೇ” ಎಂದರು. ನಾನು ಅಂಗಡಿಯಲ್ಲಿ ಆಡಿದ ಮಾತಿಗೆ ಮಾಫಿ ಕೇಳಿದೆ. ಅವರು ಅದನ್ನು ಮರೆತಿದ್ದರೋ, ಮರೆತಂತೆ ಮಾಡಿದರೋ, “ಭಾನುವಾರ ಬಂದು ಬಿಲ್ ಬರಿ” ಎಂದರು. ಈಗ ಪ್ರತಿ ಭಾನುವಾರ ರಿಪೇರಿ ಅವರದು, ಪುಸ್ತಕ ನನ್ನದು. ಶಾಲೆ ಹುಡುಗರ ಪಂಕ್ಚರ್ ಮಾತ್ರ ಪುಸ್ತಕಕ್ಕೆ ಬರುವುದಿಲ್ಲ. ಅದು ಅಬ್ಬಾ ಹಾಕಿದ ಷರತ್ತು.

ನೋಡಬೇಕೆನ್ನುವ ಗೆಳೆಯರಿಗೆ ಒಂದು ಸಲಹೆ: ಮೊದಲ ಕಂತು ನೋಡಿ, ಬೇಸರವಾದರೆ ಮೊದಲ ಸೀಸನ್ನಿನ ಕೊನೆಯ ಹೊತ್ತಿಗೆ ಬರುವ ‘ಡುಯೆಟ್’ಗೆ ಹಾರಿ. ಅದರ ಕಥೆ ನಾನು ಹೇಳುವುದಿಲ್ಲ. ಡಬ್ಬ ನನ್ನ ಹತ್ತಿರ ಇದೆ. ಬೇಕಾದವರು ಕೇಳಿ, ಒಂದೊಂದೇ ಡಿವಿಡಿ ಕೊಡುತ್ತೇನೆ. ಆದರೆ ಇದನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡೇ ಕೊಡುತ್ತೇನೆ.